ಹಳೇ ಜೀಪು ತಗೊಳ್ಳೋದಾ, ಬೇಡ್ವಾ?

ಹಳೇ ಜೀಪು ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ. ಸದ್ದು ಕೇಳಿ ತಲೆ ಆಡಿಸುತ್ತಾರೆ. ಈ ಚಳಿಗಾಲದಲ್ಲಿ ಚಿಕ್ಕಮಗಳೂರು, ಹಾಸನದ ಸುತ್ತ ಜೀಪು ಹುಡುಕಿಕೊಂಡು ಅಲೆದ ಮೇಲೆ ನನಗನಿಸಿದ್ದು, ಎಂಜಿನ್ ಕೊನೆಗೆ ನೋಡಿದರೂ ನಡೆಯುತ್ತದೆ. ಅದನ್ನು ರಿಪೇರಿ ಮಾಡಬಹುದು. ತೀರಾ ಹೋಗಿದ್ದರೆ ಅದೇ ಮಾಡೆಲ್ಲಿನ ಇನ್ನೊಂದನ್ನು ಹುಡುಕಿ ಆರ್‌ಟಿಓ ಅನುಮತಿ ಪಡೆದು ಕೂರಿಸಬಹುದು. ಆದರೆ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಕೊಳೆತಿದ್ದರೆ? ಆರ್‌ಸಿ (ನೋಂದಣಿ ಪತ್ರ) ಸರಿ ಇಲ್ಲದಿದ್ದರೆ? ಆ ಎರಡಕ್ಕೆ ದುಡ್ಡು ಇದ್ದರೂ ಸಾಲುವುದಿಲ್ಲ. ಅವೆರಡೂ ಸೇರುವ ಜಾಗ ಒಂದೇ, ಚಾಸಿ ಮೇಲೆ ಹೊಡೆದ ನಂಬರ್. ಕಾನೂನಿನ ಲೆಕ್ಕದಲ್ಲಿ ಜೀಪು ಅಂದರೆ ಆ ನಂಬರೇ. ಉಳಿದಿದ್ದೆಲ್ಲ ಅದಕ್ಕೆ ಬೋಲ್ಟ್ ಹಾಕಿ ಸೇರಿಸಿದ ಸಾಮಾನು.

ನನಗೆ ಜೀಪು ಯಾಕೆ ಬೇಕಾಯಿತು ಅಂತ ಹೇಳಬೇಕು. ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ತಾರು ರಸ್ತೆಯಿಂದ ಕಣದವರೆಗೆ ಮಣ್ಣಿನ ಏರು. ಬೇಸಿಗೆಯಲ್ಲಿ ಯಾವ ಗಾಡಿಯಾದರೂ ಹತ್ತುತ್ತದೆ. ಜೂನ್ ಬಂತೆಂದರೆ ಪಿಕಪ್ ಅರ್ಧಕ್ಕೆ ನಿಂತು ಹಿಂದೆ ಜಾರುತ್ತದೆ. ಆಗ ಪಕ್ಕದ ತೋಟದವರ ಟ್ರ್ಯಾಕ್ಟರ್ ಕರೆಯಬೇಕು. ಗೊಬ್ಬರ ಸಾಗಿಸುವುದು, ಗಿಡಗಳ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಡ್ರಮ್ ಒಯ್ಯುವುದು, ಕುಯಿಲಿನ ಕಾಲದಲ್ಲಿ ಹಣ್ಣಿನ ಚೀಲ ತರುವುದು, ಎಲ್ಲಕ್ಕೂ ಬೇರೆಯವರ ಮುಖ ನೋಡುವ ಪರಿಸ್ಥಿತಿ. ಇದು ನಾನು ಮನೆಯಲ್ಲಿ ಕೊಟ್ಟ ಕಾರಣ. ಚಿಕ್ಕಂದಿನಿಂದ ಜೀಪಿನ ಆಸೆ ಇತ್ತು ಅನ್ನುವುದನ್ನು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನನ್ನ ಹೆಂಡತಿ ಕೇಳಿದ್ದೇ ಒಂದು ಮಾತು. "ರೀ, ಇದು ತೋಟದ ಕೆಲಸಕ್ಕಾ, ಶೋಕಿಗಾ? ಅದನ್ನ ಮೊದಲು ತೀರ್ಮಾನ ಮಾಡಿ, ಆಮೇಲೆ ಗಾಡಿ ನೋಡಿ."

ಕೇಳುವಾಗ ಸಿಟ್ಟು ಬಂದಿತ್ತು. ಆದರೆ ಇಡೀ ಹುಡುಕಾಟದಲ್ಲಿ ಸಿಕ್ಕ ಸಲಹೆಗಳಲ್ಲಿ ಇದೇ ಒಳ್ಳೆಯದು. ಕೆಲಸಕ್ಕೆ ಅಂದರೆ ಬೇರೆ ಗಾಡಿ, ಶೋಕಿಗೆ ಅಂದರೆ ಬೇರೆ ಗಾಡಿ.

ಹೊಸದು ತಗೊಳ್ಳಬಹುದಿತ್ತಲ್ವಾ ಅಂತ ಕೇಳಬಹುದು. ಮಹೀಂದ್ರಾ ಥಾರ್ ಫೋರ್ ವೀಲ್ ಡ್ರೈವ್ (ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವಂಥದ್ದು) ಆನ್ ರೋಡ್ 10 ಲಕ್ಷ ದಾಟುತ್ತದೆ. ಮಾರುತಿ ಜಿಮ್ನಿಯೂ ಅಷ್ಟೆ. ಅಷ್ಟು ದುಡ್ಡಿನ ಗಾಡಿಗೆ ಗೊಬ್ಬರದ ಚೀಲ ಹೇರಲು ನನಗೆ ಮನಸ್ಸು ಬರುವುದಿಲ್ಲ. ಮಾರುತಿ ಜಿಪ್ಸಿ ಯೋಚಿಸಿದೆ. 1985ರಲ್ಲಿ ಬಂದ ಗಾಡಿ, ಮೊದಲು 970 ಸಿಸಿ, 1996ರಿಂದ 1,298 ಸಿಸಿ ಎಂಜಿನ್. ಹಗುರ, ಕೆಸರಲ್ಲಿ ಚೆನ್ನಾಗಿ ಹೋಗುತ್ತದೆ. ಆದರೆ ಪೆಟ್ರೋಲ್. ಲೋ ಗೇರಿನಲ್ಲಿ ತೋಟದ ಏರು ಹತ್ತಿಳಿಯುತ್ತಿದ್ದರೆ ಅದು ಕುಡಿಯುವ ಪೆಟ್ರೋಲಿಗೆ ಲೆಕ್ಕ ಇಡಲಾಗುವುದಿಲ್ಲ. ಜೊತೆಗೆ ಅದರ ತಯಾರಿ ನಿಂತ ಮೇಲೆ ಹಳೇ ಜಿಪ್ಸಿಗೆ ಹೇಳುವ ರೇಟು ಕೇಳಿದರೆ ತಲೆ ತಿರುಗುತ್ತದೆ.

ಹಾಗಾಗಿ ಮಹೀಂದ್ರಾ. ಮಲೆನಾಡಿನವರಿಗೆ ಜೀಪು ಅಂದರೆ ಮಹೀಂದ್ರಾ ಅಂತಲೇ ಆಗಿಹೋಗಿದೆ. ಎರಡನೇ ಮಹಾಯುದ್ಧಕ್ಕೆ ಅಮೆರಿಕದಲ್ಲಿ ತಯಾರಾದ ವಿಲೀಸ್ ಜೀಪನ್ನು ಆ ಕಂಪನಿ 1947ರಿಂದ ಇಲ್ಲಿ ಜೋಡಿಸಲು ಶುರು ಮಾಡಿತು. ಆಮೇಲೆ ಬಂದ ಸಿಜೆ 3ಬಿ ಎತ್ತರದ ಬಾನೆಟ್ಟಿನದು. ಹರಿಕೇನ್ ಅನ್ನುವ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವ್ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡುವ ವಾಲ್ವ್ ಬ್ಲಾಕಿನಲ್ಲಿ. ಅದರಿಂದ ಎಂಜಿನ್ ಎತ್ತರವಾಯಿತು. ಅದು ಒಳಗೆ ಹಿಡಿಸಲಿ ಅಂತ ಬಾನೆಟ್ ಎತ್ತರಿಸಿದರು. ಅಮೆರಿಕದಲ್ಲಿ 1968ಕ್ಕೇ ನಿಂತ ಆ ಮಾಡೆಲ್ ನಮ್ಮಲ್ಲಿ ಆಮೇಲೂ ಬಹಳ ವರ್ಷ ಓಡಿತು. ಡೀಸೆಲ್ ಕಾಲ ಬಂದ ಮೇಲೆ ನಮ್ಮ ಕಡೆ ಮನೆಮಾತಾಗಿದ್ದು ಎಂಎಂ 540. ಅದರಲ್ಲಿ ಪ್ಯೂಜೋ ಕಂಪನಿಯ 2,112 ಸಿಸಿ ಡೀಸೆಲ್ ಎಂಜಿನ್. ನಾಲ್ಕು ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಪವರ್ ಸ್ಟೀರಿಂಗ್ ಇಲ್ಲ. ಓಡಿಸಿದ ಮಾರನೇ ದಿನ ಭುಜ ನೋಯುತ್ತದೆ.

ಮೊದಲು ಬೇಲೂರಿನ ಕಡೆ ಒಂದು ಸಿಜೆ 3ಬಿ ನೋಡಿದೆ. ನೋಡಲು ಚಂದ. ಆದರೆ ಬಾನೆಟ್ ಎತ್ತಿದರೆ ಒಳಗೆ ಡೀಸೆಲ್ ಎಂಜಿನ್. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಹೀಗೆ ಎಂಜಿನ್ ಬದಲಿಸಿದವರು ಬಹಳ. ಬದಲಿಸಿದ್ದನ್ನು ಆರ್‌ಸಿಯಲ್ಲಿ ಬರೆಸಿದವರು ಕಡಿಮೆ. ಈ ಗಾಡಿಯ ಆರ್‌ಸಿಯಲ್ಲೂ ಇಂಧನ ಪೆಟ್ರೋಲ್ ಅಂತಲೇ ಇತ್ತು. ಎಂಜಿನ್ ನಂಬರೂ ಹಳೆಯದೇ. ಮಾರುವವರು "ಯಾರು ನೋಡ್ತಾರೆ ಬಿಡಿ" ಅಂದರು. ಆರ್‌ಸಿ ನವೀಕರಣಕ್ಕೆ ಹೋದರೆ ಇನ್‌ಸ್ಪೆಕ್ಟರ್ ನೋಡುತ್ತಾರೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಯವರು ಖಂಡಿತ ನೋಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಆ ಜೀಪಿಗೆ ಕೈ ಮುಗಿದು ಬಂದೆ.

ಹಾಸನದಲ್ಲಿ ಇನ್ನೊಂದು. ಮ್ಯಾಟ್ ಬಣ್ಣ, ಎದೆ ಎತ್ತರದ ಟೈರು, ಸುತ್ತ ಎಲ್‌ಇಡಿ. ಹರಿಯಾಣದ ಮಂಡಿ ಡಬ್ವಾಲಿಯಿಂದ ಬಂದ ಅಸೆಂಬಲ್ ಗಾಡಿ. ಅಲ್ಲಿ ಹಳೇ ಗಾಡಿಗಳ ಸಾಮಾನು, ಹೊಸ ತಗಡು ಸೇರಿಸಿ ಜೀಪು ಕಟ್ಟುವುದೇ ಒಂದು ದೊಡ್ಡ ಕಸುಬು. ಇದರ ಚಾಸಿ ನಂಬರ್ ಇರುವ ಜಾಗದಲ್ಲಿ ಸುತ್ತ ವೆಲ್ಡಿಂಗ್ ಗೆರೆ ಕಾಣುತ್ತಿತ್ತು. ಯಾವುದೋ ಗುಜರಿಗೆ ಹೋದ ಜೀಪಿನ ನಂಬರ್ ಕತ್ತರಿಸಿ ತಂದು ಇಲ್ಲಿ ಕೂರಿಸಿದ ಹಾಗಿತ್ತು. ಹತ್ತು ನಿಮಿಷವೂ ನಿಲ್ಲಲಿಲ್ಲ.

ಇನ್ನು ಕೆಲವರು ಅರಣ್ಯ ಇಲಾಖೆಯ ಹರಾಜಿಗೆ ಕಾಯಿರಿ ಅಂದರು. ಹಿಂದೆ ಅದು ಒಳ್ಳೇ ದಾರಿಯಾಗಿತ್ತು. ಈಗ ಮುಚ್ಚಿಹೋಗಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ಆರ್‌ಸಿ ನವೀಕರಣ ಆಗುವುದಿಲ್ಲ. ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಯಾರಾದರೂ ಇಲಾಖೆಯ ಹಳೇ ಜೀಪು ಕೊಡಿಸುತ್ತೇನೆ ಅಂದರೆ ಮೊದಲು ಇದನ್ನು ಕೇಳಿ.

ಬಣಕಲ್ ಹತ್ತಿರದ ಒಂದು ತೋಟದಲ್ಲಿ ಎಂಎಂ 540 ಇದೆ ಅಂತ ಹೇಳಿದ್ದು ನಮ್ಮ ಗೊಬ್ಬರದ ಅಂಗಡಿಯವರು. 1991ರ ಗಾಡಿ. ಕೆಎ 18, ನಮ್ಮದೇ ಜಿಲ್ಲೆಯ ನಂಬರ್. ಮೊದಲಿನಿಂದ ಒಂದೇ ಮನೆಯವರ ಕೈಯಲ್ಲಿದೆ. ತೋಟದ ಸಾಹುಕಾರರು ತೀರಿಕೊಂಡ ಮೇಲೆ ಓಡಿಸುವವರಿಲ್ಲದೆ ಶೆಡ್ಡಿನಲ್ಲಿ ನಿಂತಿದೆ. ಒಂದೇ ಮನೆ ಅನ್ನುವುದು ಒಳ್ಳೇ ಸುದ್ದಿ. ತೀರಿಕೊಂಡಿದ್ದಾರೆ ಅನ್ನುವುದು ಮಾರಾಟದ ಲೆಕ್ಕದಲ್ಲಿ ತಲೆನೋವಿನ ಸುದ್ದಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಚಿಕ್ಕಮಗಳೂರಿನ ಕೆ.ಎಂ. ರಸ್ತೆಯ ಕಡೆ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾರೆ. ವಯಸ್ಸಾದವರು. ಎಲ್ಲರೂ ಸಾಬ್ರು ಅಂತಲೇ ಕರೆಯುವುದು. ಜೀಪಿನ ಕೆಲಸದಲ್ಲೇ ತಲೆ ಬೆಳ್ಳಗಾದವರು. ಅವರನ್ನು ಕರೆದುಕೊಂಡು ಹೊರಟೆ. ನನ್ನ ಪ್ರಕಾರ ಹಳೇ ಗಾಡಿ ನೋಡಲು ಹೋಗುವಾಗ ಆ ಗಾಡಿಯ ಬಗ್ಗೆ ಆಸೆಯೇ ಇಲ್ಲದ ಒಬ್ಬರು ಜೊತೆಗಿರಬೇಕು. ಸಾಬ್ರಿಗೆ ಯಾವ ಜೀಪಿನ ಮೇಲೂ ಆಸೆ ಇಲ್ಲ. ಅವರು ಓಡಾಡುವುದು ಸ್ಕೂಟರಿನಲ್ಲಿ.

ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲಿ ಹೇಳಿದ್ದೆ. ಹೋಗಿ ನೋಡಿದರೆ ಜೀಪನ್ನು ತೊಳೆದು, ಕಣದ ಅಂಚಿಗೆ ತಂದು ನಿಲ್ಲಿಸಿದ್ದಾರೆ. "ನಿಮಗೆ ಕಾಯೋ ಕೆಲಸ ಬೇಡ ಅಂತ ಬೆಳಿಗ್ಗೇನೆ ಸ್ಟಾರ್ಟ್ ಮಾಡಿಟ್ಟೆ ಸಾರ್" ಅಂದರು ಸಾಹುಕಾರರ ಮಗ. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಸಾಬ್ರು ಬಾನೆಟ್ ಮೇಲೆ ಕೈ ಇಟ್ಟು ನೋಡಿದರು. "ಬಿಸಿ ಇದೆ. ತಣ್ಣಗಾಗಲಿ. ಅಲ್ಲೀವರೆಗೆ ಕೆಳಗೆ ನೋಡಾಣ" ಅಂತ ಗೋಣಿಚೀಲ ಹಾಸಿ ಜೀಪಿನಡಿ ಮಲಗಿಯೇಬಿಟ್ಟರು.

ತಣ್ಣಗಿನ ಎಂಜಿನ್ನೇ ಯಾಕೆ ಬೇಕು ಅಂದರೆ, ಡೀಸೆಲ್ ಎಂಜಿನ್ನಿನ ಸುಳ್ಳು ಹೊರಬೀಳುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ. ಈ ಪ್ಯೂಜೋ ಎಂಜಿನ್ನಿಗೆ ಸ್ಟಾರ್ಟ್ ಮಾಡುವ ಮೊದಲು ಒಳಗನ್ನು ಕಾಯಿಸುವ ಹೀಟರ್ ಪ್ಲಗ್ ಇದೆ. ಕಂಪ್ರೆಷನ್ ಚೆನ್ನಾಗಿದ್ದು ಪ್ಲಗ್ ಕೆಲಸ ಮಾಡುತ್ತಿದ್ದರೆ ಚಳಿಯಲ್ಲೂ ಸ್ವಲ್ಪ ಕಾಯಿಸಿ ಕೀ ತಿರುಗಿಸಿದರೆ ಹಿಡಿಯುತ್ತದೆ. ಬಿಸಿ ಎಂಜಿನ್ ಹೇಗಿದ್ದರೂ ಹಿಡಿಯುತ್ತದೆ.

ಜೀಪಿನಡಿಯಲ್ಲಿ ಕಳೆದ ಸಮಯವೇ ಜಾಸ್ತಿ. ಚಾಸಿಗೆ ಆಗಷ್ಟೇ ಕಪ್ಪು ಬಣ್ಣ ಬಳಿದಿದ್ದರು. ಸಾಬ್ರು ಅದನ್ನು ನೋಡಿ ನಕ್ಕರು. ಸಣ್ಣ ಸುತ್ತಿಗೆ ತೆಗೆದು ಮುಂದಿನಿಂದ ಹಿಂದಿನವರೆಗೆ ಬಡಿಯುತ್ತಾ ಹೋದರು. ಒಳ್ಳೇ ಕಬ್ಬಿಣ ಟಣ್ ಅನ್ನುತ್ತದೆ. ಮುಂದೆ, ಸ್ಟೀರಿಂಗ್ ಬಾಕ್ಸ್ ಕೂರುವ ಕಡೆ, ಎಂಜಿನ್ ಕೆಳಗೆ, ಗೇರ್‌ಬಾಕ್ಸ್ ಹತ್ತಿರ, ಎಲ್ಲಾ ಕಡೆ ಟಣ್. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಬಂದಾಗ ಸದ್ದು ದಬ್ ಅಂತ ಆಯಿತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಕಪ್ಪು ಬಣ್ಣದ ಜೊತೆ ಕಬ್ಬಿಣವೂ ಒಳಗೆ ಹೋಯಿತು. ಹಿಂದಿನ ಅಡ್ಡಪಟ್ಟಿಯೂ ಹಾಗೇ. ಮುಟ್ಟಿದರೆ ಪದರ ಪದರ ಉದುರುತ್ತಿತ್ತು.

"ಇದು ಬರೀ ಮಳೆ ಮಾಡಿದ ಕೆಲಸ ಅಲ್ಲ ಸಾರ್. ಮೇಲೆ ನೋಡಿ" ಅಂದರು. ಹಿಂದಿನ ಮ್ಯಾಟ್ ಎತ್ತಿದೆ. ನೆಲದ ತಗಡಿನಲ್ಲಿ ಗುಂಡಗಿನ ಕಲೆಗಳು. ಡ್ರಮ್ ಇಟ್ಟ ಗುರುತು. ಅಲ್ಲಲ್ಲಿ ಹಸಿರು ನೀಲಿ ಬಣ್ಣ. ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದ ನೀರು ಚೆಲ್ಲಿ ಚೆಲ್ಲಿ ಆಗಿದ್ದು. ಮೈಲುತುತ್ತದಲ್ಲಿ ತಾಮ್ರ ಇರುತ್ತದೆ. ಆ ನೀರು ಕಬ್ಬಿಣದ ಮೇಲೆ ಬಿದ್ದರೆ ತಾಮ್ರ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಅದಕ್ಕೇ ಬೋರ್ಡೋ ಕಲಸಲು ಕಬ್ಬಿಣದ ಡ್ರಮ್ ಬಳಸಬೇಡಿ ಅನ್ನುವುದು. ಜೊತೆಗೆ ಮೂವತ್ತು ವರ್ಷದ ಗೊಬ್ಬರದ ಚೀಲಗಳು. ಗೊಬ್ಬರವೂ ಉಪ್ಪೇ ತಾನೇ. ತೂತಿನಿಂದ ಇಳಿದ ನೀರೆಲ್ಲ ನೇರ ಚಾಸಿಯ ಹಿಂಭಾಗಕ್ಕೆ. ಪೇಟೆಯ ಜೀಪಿನಲ್ಲಿ ಡ್ರೈವರ್ ಕಾಲಿನ ಕೆಳಗೆ ತುಕ್ಕು ಹುಡುಕಬೇಕು. ತೋಟದ ಜೀಪಿನಲ್ಲಿ ಹಿಂದೆ ಹುಡುಕಬೇಕು. ಇದು ನನಗೆ ಹೊಸ ವಿಷಯ.

ಆಮೇಲೆ ನಂಬರ್. ಚಾಸಿ ಪಟ್ಟಿಯ ಮೇಲಿನ ಗ್ರೀಸು, ಮಣ್ಣು ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆವು. ಆರ್‌ಟಿಓದಲ್ಲಿ ಪ್ರಿಂಟ್ ತೆಗೆಯುವುದೂ ಹೀಗೇ. ಅಕ್ಷರ ಒಂದೊಂದೂ ಸ್ಪಷ್ಟವಾಗಿ ಬಂತು. ಸುತ್ತ ವೆಲ್ಡಿಂಗ್ ಇಲ್ಲ, ಗ್ರೈಂಡರ್ ಗೆರೆ ಇಲ್ಲ. ಆರ್‌ಸಿ ಪುಸ್ತಕಕ್ಕೆ ಹೋಲಿಸಿದೆ. ಸರಿ ಇತ್ತು. ಎಂಜಿನ್ ನಂಬರೂ ಸರಿ. ಕೊಳೆತಿದ್ದು ಹಿಂದೆ, ನಂಬರ್ ಇದ್ದ ಕಡೆ ಕಬ್ಬಿಣ ಗಟ್ಟಿ. ನನ್ನ ತೀರ್ಮಾನ ಅರ್ಧ ಆಗಿದ್ದು ಆ ಪೆನ್ಸಿಲ್ ಕಾಗದ ನೋಡಿದಾಗ. ಹಿಂಭಾಗಕ್ಕೆ ದಪ್ಪ ಪ್ಲೇಟ್ ಹಾಕಿ ವೆಲ್ಡ್ ಮಾಡಬಹುದು, ಅಡ್ಡಪಟ್ಟಿ ಹೊಸದು ಹಾಕಬಹುದು. ಇದೇ ಕೊಳೆತ ಮುಂದೆ ಇದ್ದು ಚಾಸಿಯೇ ಬದಲಿಸಬೇಕಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಚಾಸಿ ಅಂದರೆ ಬೇರೆ ನಂಬರ್. ಬೇರೆ ನಂಬರ್ ಅಂದರೆ ಬೇರೆ ಗಾಡಿ.

ಮುಂದೆ ಹೋಗಿ ನೋಡಿದರೆ ಎಂಜಿನ್ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇಲ್ಲ! ಡೀಸೆಲ್ ಉಳಿಯುತ್ತದೆ, ಸದ್ದು ಕಡಿಮೆಯಾಗುತ್ತದೆ ಅಂತ ಇದನ್ನು ಬಿಚ್ಚಿಡುವ ಅಭ್ಯಾಸ ನಮ್ಮ ಕಡೆ ಇದೆ. ಫೋರ್ ವೀಲ್ ಅಂತ ಮಾರುವ ಎಷ್ಟೋ ಜೀಪುಗಳು ನಿಜದಲ್ಲಿ ಟೂ ವೀಲ್. "ಅಪ್ಪ ಎಲ್ಲೋ ತೆಗೆದಿಟ್ಟಿದ್ದರು" ಅಂತ ಮಗ ಹುಡುಕಿದರು. ಕೊನೆಗೆ ಅಟ್ಟದ ಮೇಲೆ ಮೆಣಸಿನ ಚೀಲಗಳ ಹಿಂದೆ ಗೋಣಿ ಸುತ್ತಿಟ್ಟಿದ್ದು ಸಿಕ್ಕಿತು. ಗ್ರೀಸ್ ಹಚ್ಚಿಟ್ಟಿದ್ದರು. ಆ ಹಿರಿಯರ ಬಗ್ಗೆ ನನಗೆ ಗೌರವ ಬಂತು. ಸಾಬ್ರು ಅಲ್ಲೇ ಕೂರಿಸಿದರು.

ಉಳಿದ ಪರೀಕ್ಷೆ ಬೇಗ ಮುಗಿಯಿತು. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ, ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಸಡಿಲ. ನಕಲ್ ಸೀಲಿನಿಂದ ಎಣ್ಣೆ ಸೋರಿ ಡ್ರಮ್ಮಿನವರೆಗೆ ಬಂದಿದೆ. ಹಿಂದಿನ ಆಕ್ಸಲ್ ಹೌಸಿಂಗಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಎಣ್ಣೆ ತೆಗೆದು ನೋಡಿದರು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಇದು ಕಪ್ಪಗಿತ್ತು, ಹಳೆಯದು ಅಷ್ಟೆ. ವೈರಿಂಗ್ ಅನ್ನುವುದು ಇರಲೇ ಇಲ್ಲ ಅನ್ನಬಹುದು. ಒಂದಕ್ಕೊಂದು ಗಂಟು ಹಾಕಿದ ತಂತಿಗಳು.

ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಎಂಜಿನ್ ತಣ್ಣಗಾಗಿತ್ತು. ಹೀಟರ್ ಸ್ವಿಚ್ ಹಿಡಿದು ಕೀ ತಿರುಗಿಸಿದೆ. ಎರಡನೇ ಸಲಕ್ಕೆ ಹಿಡಿಯಿತು. ಮೊದಲು ಬಿಳಿ ಹೊಗೆ, ಅರೆಬೆಂದ ಡೀಸೆಲ್ಲಿನದು. ಸ್ವಲ್ಪ ಹೊತ್ತಿನಲ್ಲಿ ನಿಂತಿತು. ನೀಲಿ ಹೊಗೆ ಬರಲಿಲ್ಲ. ಬಂದಿದ್ದರೆ ಆಯಿಲ್ ಸುಡುತ್ತಿದೆ, ರಿಂಗು ಹೋಗಿದೆ ಅಂತ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಒಳಗಿಂದ ಬರುವ ಗಾಳಿ ಸ್ವಲ್ಪವೇ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ. ಸಾಬ್ರು ಕಿವಿಗೊಟ್ಟು ಕೇಳಿ, "ಇದನ್ನ ಬಿಚ್ಚೋಕೆ ಹೋಗಬೇಡಿ. ಡೀಸೆಲ್ ಪಂಪು, ನಾಜಲ್ ಸರ್ವಿಸ್ ಮಾಡಿಸಿ ಸಾಕು" ಅಂದರು. ಕಣದ ಹಿಂದೆ ಒದ್ದೆ ಮಣ್ಣಿನ ಏರಿತ್ತು. ಫೋರ್ ವೀಲ್ ಹಾಕಿ ಲೋ ರೇಂಜಿನಲ್ಲಿ ಹತ್ತಿಸಿದೆ. ಎಕ್ಸಲರೇಟರ್ ಮೇಲೆ ಕಾಲೇ ಇಡದೆ ಹತ್ತಿತು. ಇದನ್ನು ತಾರು ರಸ್ತೆಯಲ್ಲಿ ಪರೀಕ್ಷೆ ಮಾಡಬಾರದು. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಒಂದಕ್ಕೊಂದು ಎಳೆದಾಡಿ ಗೇರ್‌ಬಾಕ್ಸಿಗೇ ಪೆಟ್ಟು.

ಮನಸ್ಸು ಅಲ್ಲೇ ಹೂಂ ಅಂದಿತ್ತು. ಬಾಯಿ ಬಿಡಲಿಲ್ಲ. ಅವರು ಹೇಳಿದ್ದು 3,20,000. ಕಾಫಿಗೆ ಒಳ್ಳೇ ರೇಟು ಬಂದ ಮೇಲೆ ತೋಟದವರಿಗೆ ಹಳೇ ಸಾಮಾನು ಮಾರಲೇಬೇಕು ಅನ್ನುವ ಅವಸರ ಇಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂತ ಹೊರಟೆವು. ಕೊಟ್ಟಿಗೆಹಾರಕ್ಕೆ ಹೋಗಿ ನೀರ್‌ದೋಸೆ ತಿನ್ನುತ್ತಾ ಸಾಬ್ರು ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಬರೆದರು.

ಚಾಸಿ ಹಿಂಭಾಗದ ಕೆಲಸ 35,000. ನೆಲ, ಬಾಡಿ ಟಿಂಕರಿಂಗ್, ಪೇಂಟ್ ಸೇರಿ 90,000. ಇದರಲ್ಲಿ ಕಡಿಮೆ ಮಾಡಲು ಹೋದರೆ ಎರಡು ಮಳೆಗಾಲಕ್ಕೆ ಬಣ್ಣ ಉಬ್ಬುತ್ತದೆ ಅಂದರು. ಬ್ರೇಕು 18,000. ವೈರಿಂಗ್ 14,000. ಪಂಪು, ನಾಜಲ್ 16,000. ಕಿಂಗ್ ಪಿನ್, ಬೇರಿಂಗ್, ಸೀಲು 15,000. ಐದು ಟೈರಿಗೆ 32,000. ಹುಡ್ಡು, ಸೀಟು 22,000. ಬ್ಯಾಟರಿ 6,500. ಕೂಡಿದರೆ 2,48,500. "ಇದರ ಮೇಲೆ ಕಾಲು ಭಾಗ ಸೇರಿಸಿಟ್ಕೊಳ್ಳಿ. ಬಿಚ್ಚಿದ ಮೇಲೆ ಇನ್ನೇನೋ ಸಿಗ್ತದೆ. ಸಿಗದೇ ಇರೋ ಜೀಪು ನಾನು ನೋಡಿಲ್ಲ." ಸಾಮಾನು ಸಿಗುವುದಕ್ಕೆ ತೊಂದರೆ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬಹುಪಾಲು ಸಿಗುತ್ತದೆ ಅಂದರು.

ಅಂದರೆ ಕೇಳಿದ ಬೆಲೆಗೇ ತಗೊಂಡರೆ ಎಲ್ಲ ಸೇರಿ 6 ಲಕ್ಷ ದಾಟುತ್ತದೆ. ಅದಕ್ಕಿಂತ ಕಡಿಮೆಗೆ ರೆಡಿ ಮಾಡಿಟ್ಟ ಎಂಎಂ 540 ಮಾರಾಟಕ್ಕಿರುವುದನ್ನು ನಾನೇ ನೋಡಿದ್ದೆ. ಹಾಗಾದರೆ ರೆಡಿ ಇರುವುದನ್ನೇ ತಗೊಳ್ಳಬಹುದಲ್ವಾ? ನಾನೂ ಇದನ್ನು ಬಹಳ ಯೋಚಿಸಿದೆ. ಹಳೇ ಗಾಡಿ ರಿಪೇರಿ ಮಾಡಿಸಿದರೆ ದುಡ್ಡು ಉಳಿಯುತ್ತದೆ ಅನ್ನುವುದು ಸುಳ್ಳು ಲೆಕ್ಕ. ಆದರೆ ಹೊಸ ಬಣ್ಣ ಹೊಡೆದ ಜೀಪಿನ ಚಾಸಿಗೆ ಪುಟ್ಟಿ ತುಂಬಿದ್ದಾರೋ, ಪ್ಲೇಟ್ ಹಾಕಿದ್ದಾರೋ ಯಾರಿಗೆ ಗೊತ್ತು? ಬಣಕಲ್ ಜೀಪಿನಲ್ಲಿ ಏನು ಕೊಳೆತಿದೆ ಅಂತ ನನ್ನ ಕಣ್ಣಾರೆ ನೋಡಿದ್ದೇನೆ. ದುಡ್ಡನ್ನು ಒಂದೇ ಸಲ ಹಾಕಬೇಕಾಗಿಯೂ ಇಲ್ಲ. ಈ ವರ್ಷ ಚಾಸಿ, ಬ್ರೇಕು. ಮುಂದಿನ ಫಸಲಿಗೆ ಬಾಡಿ. ಕೆಲಸಕ್ಕಾ ಶೋಕಿಗಾ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿ ಬೇಕಾಯಿತು. ಕೆಲಸಕ್ಕೇ ಅಂತಾದರೆ ಕ್ರೋಮ್ ಬಂಪರ್ ಬೇಡ, ಅಗಲ ಟೈರ್ ಬೇಡ. ಮೂಲದ 6.00-16 ಟೈರೇ ಸಾಕು. ಬಣ್ಣವೂ ಆರ್‌ಸಿಯಲ್ಲಿರುವುದೇ. ಬದಲಿಸಿದರೆ ಅದನ್ನೂ ಬರೆಸಬೇಕು.

ಒಬ್ಬ ಗೆಳೆಯ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸು ಅಂದ. 2021ರ ನಿಯಮದ ಪ್ರಕಾರ ಅದಕ್ಕೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಶುಲ್ಕ 20,000. ನಂಬರಿನಲ್ಲಿ ವಿಎ ಅಂತ ಬರುತ್ತದೆ. ದಿನನಿತ್ಯ ಓಡಿಸುವಂತಿಲ್ಲ. ನನ್ನ ಜೀಪಿಗೆ 50 ತುಂಬುವುದು 2041ಕ್ಕೆ. ಅಷ್ಟರಲ್ಲಿ ನನಗೇ ವಿಎ ನಂಬರ್ ಕೊಡಬೇಕಾಗುತ್ತದೆ.

ಈಗ ಕಾಗದದ ವಿಷಯ. ನಾನು ನಿಜವಾಗಿ ಒದ್ದಾಡಿದ್ದು ಇಲ್ಲಿ. ಆರ್‌ಸಿ ಇನ್ನೂ ತೀರಿಕೊಂಡ ಸಾಹುಕಾರರ ಹೆಸರಿನಲ್ಲಿದೆ. ಮಾಲೀಕರು ತೀರಿಕೊಂಡರೆ ವಾರಸುದಾರರು ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇವರು ಮಾಡಿಸಿರಲಿಲ್ಲ. ಮಗನ ಹೆಸರಿಗೆ ಬಂದ ಮೇಲೆ ಫಾರಂ 29, 30ರ ಮೂಲಕ ನನಗೆ. ಮಗನ ಹೆಸರಿಗೆ ಬರಲು ಮರಣ ಪತ್ರ, ವಂಶವೃಕ್ಷ, ತಾಯಿ ಮತ್ತು ತಂಗಿಯರ ಒಪ್ಪಿಗೆ ಪತ್ರ ಬೇಕು. ಒಬ್ಬ ತಂಗಿ ಸಕಲೇಶಪುರದಲ್ಲಿ, ಇನ್ನೊಬ್ಬರು ಹೊರದೇಶದಲ್ಲಿ.

ಅದೂ ಸಾಲದು ಅಂತ ಆರ್‌ಸಿ ಅವಧಿ 2021ರಲ್ಲಿ ಮುಗಿದಿದೆ. ಸ್ವಂತ ಬಳಕೆಯ ಗಾಡಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇವರು 2006, 2011, 2016ರಲ್ಲಿ ಮಾಡಿಸಿದ್ದರು. ಆಗ ಶುಲ್ಕ ಕಡಿಮೆ ಇತ್ತು. 2022ರ ಏಪ್ರಿಲ್‌ನಿಂದ ಕಾರು, ಜೀಪಿಗೆ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಗಾಡಿಗಳಿಗೆ 10,000 ಮಾಡಿದರು. ತಡ ಮಾಡಿದ್ದಕ್ಕೆ ತಿಂಗಳಿಗೆ 500 ರೂಪಾಯಿ ಬೇರೆ. 2022ರ ಏಪ್ರಿಲ್‌ನಿಂದ ಲೆಕ್ಕ ಹಿಡಿದರೂ 20,000 ದಾಟುತ್ತದೆ. ಇದೆಲ್ಲ ಆಗುವ ಮೊದಲು ಕೈಬರಹದ ಹಳೇ ಆರ್‌ಸಿ ಪುಸ್ತಕವನ್ನು ಆನ್‌ಲೈನ್ ದಾಖಲೆಗೆ ಸೇರಿಸಬೇಕು. ಅದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದಾಗ ಈ ಜೀಪು ಬರಲೇ ಇಲ್ಲ. ಹಳೇ ಗಾಡಿ ನೋಡಲು ಹೋಗುವ ಮೊದಲೇ ಮನೆಯಲ್ಲಿ ಕೂತು ಈ ಪರೀಕ್ಷೆ ಮಾಡಬಹುದು. ಇದಕ್ಕೆ ಖರ್ಚೂ ಇಲ್ಲ. ಇನ್ಶೂರೆನ್ಸ್ ವಿಚಾರಿಸಿದೆ. 1,500 ಸಿಸಿ ಮೇಲಿನ ಖಾಸಗಿ ಗಾಡಿಗೆ ಥರ್ಡ್ ಪಾರ್ಟಿ ವರ್ಷಕ್ಕೆ 7,897, ಮೇಲೆ ಜಿಎಸ್‌ಟಿ.

ಗಂಟು ಬಿದ್ದಿದ್ದು ಎಲ್ಲಿ ಅಂದರೆ, ನವೀಕರಣಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಬ್ರೇಕ್ ಹಿಡಿಯಬೇಕು, ಲೈಟ್ ಉರಿಯಬೇಕು, ಹಾರ್ನ್, ವೈಪರ್ ಇರಬೇಕು. ಅದಕ್ಕೆ ರಿಪೇರಿ ಆಗಬೇಕು. ಮಾರುವವರು "ಮಾರೋ ಗಾಡಿಗೆ ನಾನ್ಯಾಕೆ ದುಡ್ಡು ಹಾಕಲಿ ಮಾರಾಯ್ರೆ" ಅಂದರು. ಕಾಗದ ಇಲ್ಲದ ಗಾಡಿಗೆ ನಾನ್ಯಾಕೆ ಹಾಕಲಿ ಅಂತ ನಾನು. ಇಬ್ಬರದೂ ನ್ಯಾಯವೇ. ಒಬ್ಬ ಬ್ರೋಕರ್ ಸುಲಭದ ದಾರಿ ಹೇಳಿದ. ಹಳೇ ಹೆಸರಿನಲ್ಲೇ ಇರಲಿ, ತೋಟದೊಳಗೆ ತಾನೇ ಓಡಿಸೋದು ಅಂತ. ಆದರೆ ಆಲ್ದೂರಿನ ಅಂಗಡಿಗೆ ಹೋಗಲು ತಾರು ರಸ್ತೆಗೆ ಇಳಿಯಲೇಬೇಕು. ತೋಟದ ಆಳುಗಳನ್ನು ಹಿಂದೆ ಕೂರಿಸಿಕೊಂಡು, ಇನ್ಶೂರೆನ್ಸ್ ಇಲ್ಲದೆ, ಸತ್ತವರ ಹೆಸರಿನ ಗಾಡಿ ಓಡಿಸುವ ಧೈರ್ಯ ನನಗಿಲ್ಲ.

ಕೊನೆಗೆ ಮೂಡಿಗೆರೆಯಲ್ಲಿ ಅವರ ಪರಿಚಯದ ವಕೀಲರೊಬ್ಬರ ಆಫೀಸಿನಲ್ಲಿ ಕೂತು ಮಾತಾಡಿದೆವು. ಜೀಪಿನ ಬೆಲೆ 2,10,000ಕ್ಕೆ ಇಳಿಯಿತು. ಚಾಸಿಯ ಫೋಟೋ ತೋರಿಸಿದ ಮೇಲೆ ಅವರೂ ಜಾಸ್ತಿ ಹಟ ಮಾಡಲಿಲ್ಲ. ಬ್ಯಾಕ್‌ಲಾಗ್, ವಾರಸುದಾರರ ವರ್ಗಾವಣೆ, ನವೀಕರಣದ ಶುಲ್ಕ, ತಡದ ದಂಡ ಎಲ್ಲ ಅವರದು. ಚಾಸಿ ಹಿಂಭಾಗ, ಬ್ರೇಕು, ಲೈಟಿನ ಕೆಲಸ ನನ್ನ ದುಡ್ಡಿನಲ್ಲಿ, ಆದರೆ ಅವರ ಅಮ್ಮ ಮತ್ತು ಇಬ್ಬರು ತಂಗಿಯರ ಸಹಿ ಬಂದ ಮೇಲೆ ಮಾತ್ರ. ರಿಪೇರಿ ಆದಮೇಲೂ ಆರ್‌ಸಿ ಆಗದಿದ್ದರೆ ನಾನು ಹಾಕಿದ ದುಡ್ಡನ್ನು ಬಿಲ್ಲಿನ ಪ್ರಕಾರ ಅವರು ವಾಪಸ್ ಕೊಡಬೇಕು. ಜೀಪನ್ನು ಸಾಬ್ರ ಗ್ಯಾರೇಜಿಗೂ ಆರ್‌ಟಿಓಗೂ ಲಾರಿಯಲ್ಲೇ ಸಾಗಿಸಬೇಕು. ಇಷ್ಟನ್ನೂ ಸ್ಟಾಂಪ್ ಪೇಪರಿನಲ್ಲಿ ಬರೆಸಿ ಮುಂಗಡ 10,000 ಕೊಟ್ಟೆ.

ಸಕಲೇಶಪುರದ ತಂಗಿಯ ಸಹಿ ಬಂದಿದೆ. ಹೊರದೇಶದವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು ಅಂದಿದ್ದಾರೆ. ಯುಗಾದಿಯವರೆಗೆ ಗಡುವು. ಬರದಿದ್ದರೆ ಮುಂಗಡ ವಾಪಸ್, ಜೀಪು ಅವರ ಶೆಡ್ಡಿನಲ್ಲೇ. ಅಲ್ಲಿಯವರೆಗೆ ನಾನು ಒಂದು ಬೋಲ್ಟನ್ನೂ ಕೊಳ್ಳುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ.